ಮಾಸ್ಕಿನ ಮುಂದೆ ಎದ್ದ ಕೈ

ಮಾಗಡಿಯಿಂದ ಬರುವ ಬಸ್ಸು ರಾಮನಗರದೊಳಗೆ ಒಂದು ಕಡೆ ರೀಲಿಂಗ್ ಶೆಡ್ಡುಗಳ ಬೀದಿಯನ್ನು ಸವರಿಕೊಂಡೇ ತಿರುಗುತ್ತದೆ. ಅಲ್ಲಿಗೆ ಬಂದಾಗ ಬೆಂದ ರೇಷ್ಮೆ ಹುಳುವಿನ ವಾಸನೆ ಕಿಟಕಿಯಿಂದ ಒಳಕ್ಕೆ ನುಗ್ಗುತ್ತದೆ. ಹೊಸಬರು ಸೆರಗನ್ನೋ ಕರ್ಚೀಫನ್ನೋ ಮೂಗಿಗೆ ಒತ್ತಿಕೊಳ್ಳುತ್ತಾರೆ. ಮೊನ್ನೆ ನನ್ನ ಪಕ್ಕ ಕೂತಿದ್ದ ಕಾಲೇಜು ಹುಡುಗಿಯೂ ಹಾಗೇ ಮಾಡಿ, ಇದೇನು ಆಂಟಿ ಇಷ್ಟು ಗಬ್ಬು ಅಂತ ನನ್ನ ಮುಖ ನೋಡಿದಳು. ನಾನು ಹೊಂಗನೂರಿನವಳು, ಹುಳು ಸಾಕುವ ಮನೆಯಲ್ಲೇ ಹುಟ್ಟಿ ಬೆಳೆದವಳು. ನನಗೆ ಆ ವಾಸನೆ ಯಾವತ್ತೂ ಗಬ್ಬು ಅನ್ನಿಸಿದ್ದಿಲ್ಲ. ಆದರೂ ಆ ತಿರುವು ಬಂದಾಗ ನಾನೂ ಮುಖ ಆಚೆ ತಿರುಗಿಸಿಕೊಳ್ಳುತ್ತೇನೆ. ಆ ವಾಸನೆ ಬಡಿದರೆ ಖಾದರ್ ಸಾಬರು ನೆನಪಾಗುತ್ತಾರೆ, ಅವರ ಹಿಂದೆಯೇ ಆ ಒಂದು ಚಳಿಗಾಲ ಪೂರ್ತಿ ಎದ್ದು ಬರುತ್ತದೆ.

ಆಗ ನಾನು ರಾಮನಗರದ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್. ನನ್ನ ಹೆಸರು ಜಯಲಕ್ಷ್ಮಿ, ಆದರೆ ಅಲ್ಲಿ ಎಲ್ಲರೂ ಕರೆಯುತ್ತಿದ್ದದ್ದು ಮಾಸ್ಕ್ ಸಿಸ್ಟರ್ ಅಂತ. ಉಸಿರು ಸಾಲದೆ ಒದ್ದಾಡುವವರಿಗೆ ಗಂಟಲೊಳಗೆ ಕೊಳವೆ ಇಳಿಸುವ ಮೊದಲು ಬೈಪ್ಯಾಪ್ ಅಂತ ಒಂದು ಮೆಷಿನ್ ಹಾಕಿ ನೋಡುತ್ತಾರೆ. ಮೂಗು ಬಾಯಿ ಮುಚ್ಚುವಂತೆ ಬಿಗಿಯಾಗಿ ಮಾಸ್ಕ್ ಕಟ್ಟಿ, ಅದರೊಳಗೆ ಗಾಳಿ ಒತ್ತುವುದು. ಕೇಳಲಿಕ್ಕೆ ಸಲೀಸು. ಕಟ್ಟಿಸಿಕೊಂಡವರಿಗೆ ಮಾತ್ರ ಜೋರಾಗಿ ಓಡುವ ಬೈಕಿನ ಮೇಲೆ ಬಾಯಿ ತೆರೆದುಕೊಂಡು ಕೂತ ಹಾಗಿರುತ್ತದೆ. ಹತ್ತರಲ್ಲಿ ಐದು ಮಂದಿ ಕಿತ್ತೆಸೆಯುತ್ತಾರೆ. ನಾನು ಗದರಿ, ಪುಸಲಾಯಿಸಿ, ಇನ್ನು ಹತ್ತು ನಿಮಿಷ ಇಟ್ಟುಕೊಂಡರೆ ಎರಡು ಗುಟುಕು ಕಾಫಿ ಅಂತ ಚೌಕಾಸಿ ಮಾಡಿ, ಹೇಗೋ ಮಾಸ್ಕು ನಿಲ್ಲಿಸುತ್ತಿದ್ದೆ. ಆ ಜಂಬ ನನಗೆ ಚೆನ್ನಾಗಿಯೇ ಇತ್ತು. ಸುಳ್ಳು ಯಾಕೆ ಹೇಳಲಿ.

ಖಾದರ್ ಸಾಬರು ಮೊದಲು ಬಂದದ್ದು ಕಾರ್ತೀಕ ಮಾಸ ಮುಗಿಯುವ ಹೊತ್ತಿಗೆ, ಬೆಟ್ಟಗಳ ಮೇಲೆ ಬೆಳಿಗ್ಗೆ ಎಂಟಾದರೂ ಮಂಜು ಇಳಿಯದ ದಿನಗಳಲ್ಲಿ. ಅರವತ್ತು ದಾಟಿದ, ಸಣಕಲು ಮೈಯ ಮನುಷ್ಯ. ಹುಡುಗನಾಗಿದ್ದಾಗಿನಿಂದ ಗೂಡು ಬೇಯಿಸಿ ನೂಲು ತೆಗೆದು ಆ ಒಲೆಯ ಹೊಗೆ, ಬೇಸಿನ್ನಿನ ಹಬೆ ಎಲ್ಲ ಎದೆಯೊಳಗೆ ತುಂಬಿಕೊಂಡಿದ್ದರು. ಬಿಸಿ ನೀರಲ್ಲಿ ಅದ್ದಿ ಅದ್ದಿ ಬೆರಳ ತುದಿಗಳು ಬೆಳ್ಳಗೆ ಬಿರಿದಿದ್ದವು. ಹೆಂಡತಿ ತೀರಿಕೊಂಡು ಬಹಳ ವರ್ಷ ಆಗಿತ್ತು. ಇದ್ದವಳು ಒಬ್ಬಳೇ ಮಗಳು, ನಸೀಮಾ. ಅಪ್ಪನ ಜೊತೆ ಶೆಡ್ಡಿನಲ್ಲಿ ಕೂತು ಕೆಲಸ ಮಾಡುತ್ತಿದ್ದವಳು.

ನಾನು ಮಾಸ್ಕಿನ ಪಟ್ಟಿ ಬಿಗಿಯುತ್ತಿದ್ದರೆ ಅವರು ಅದನ್ನು ಮೇಲಕ್ಕೆತ್ತಿ, "ಏನ್ ಸಿಸ್ಟರಮ್ಮ, ಉಳೋ ಎತ್ತಿನ ಮೂತಿಗೆ ಕುಕ್ಕೆ ಹಾಕ್ದಂಗೆ ಹಾಕ್ತಿದ್ದೀಯಲ್ಲ" ಅಂದರು. ಮೇಯುವುದು ಬಿಟ್ಟು ಸುಮ್ಮನೆ ಉಸಿರಾಡಿ ಅಂದೆ. ಅವರಿಗೆ ನಗು ಬಂತು, ನಗುವಿನ ಹಿಂದೆ ಕೆಮ್ಮು. ಮೊದಲ ದಿನ ಮೂರು ಸಲ ಕಿತ್ತರು. ಎರಡನೆಯ ದಿನ ನಸೀಮಾ ಸ್ಟೂಲು ಎಳೆದುಕೊಂಡು ಅವರ ಎದುರಿಗೇ ಕೂತಳು. ಅದು ಜನರಲ್ ವಾರ್ಡು, ಮನೆಯವರು ಪಕ್ಕದಲ್ಲಿರಬಹುದಿತ್ತು. ಅಪ್ಪ ಏನೋ ಬೆರಳಾಡಿಸುವುದು, ಮಗಳು ಅಂಗೈ ತಿರುಗಿಸುವುದು, ಇಬ್ಬರೂ ಕಣ್ಣಲ್ಲೇ ನಗುವುದು. ಅಪ್ಪ ಮಗಳು ಏನು ಆಟ ಆಡುತ್ತಿದ್ದೀರಿ ಅಂತ ಕೇಳಿದೆ. ಅವಳು ಹೇಳಲು ಬಾಯಿ ತೆರೆದಳು. ಅಷ್ಟರಲ್ಲಿ ಪಕ್ಕದ ಬೆಡ್ಡಿನವರು ಕೂಗಿದರು, ನಾನು ಹೋದೆ. ಆ ದಿನ ಅವರು ನಾಲ್ಕು ಗಂಟೆ ಮಾಸ್ಕು ಮುಟ್ಟಲಿಲ್ಲ. ನನ್ನ ಗದರಿಕೆಗೇ ಹೀಗಾಯಿತು ಅಂದುಕೊಂಡು ಎಲ್ಲರ ಹತ್ತಿರ ಹೇಳಿಕೊಂಡು ತಿರುಗಿದೆ.

ಎರಡನೆಯ ಸಲ ಬಂದದ್ದು ಧನುರ್ಮಾಸದಲ್ಲಿ. ಮನೆಗೆ ಹೋಗಿದ್ದೇ ತಡ ಮತ್ತೆ ಹಬೆಯ ಮುಂದೆ ಕೂತಿದ್ದರು. ನಮ್ಮ ಡಾಕ್ಟರ್ ರಘು, ವಯಸ್ಸು ಚಿಕ್ಕದಾದರೂ ಬಹಳ ಜೋಪಾನದ ಮನುಷ್ಯ, ಹೀಗೇ ಆದರೆ ಮುಂದಿನ ಸಲ ಮಾಸ್ಕೂ ಉಳಿಸುವುದಿಲ್ಲ ಅಂದರು. ನಾನು ನಸೀಮಾಳನ್ನು ಔಷಧಿ ಕೊಡುವ ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ, "ನಿಮ್ಮಪ್ಪ ಬದುಕಬೇಕಾ? ಹಂಗಾದ್ರೆ ಆ ಒಲೆ ಆರಿಸು. ಕೇಳ್ಕಂಡು ಕೂರಬ್ಯಾಡ, ಅವರು ಒಪ್ಪಲ್ಲ" ಅಂದೆ. ನನಗೆ ಬೇರೆಯವರ ಮನೆಯ ವಿಷಯದಲ್ಲಿ ಬಾಯಿ ಯಾವಾಗಲೂ ಒಸಿ ಉದ್ದ.

ಅವಳು ಹಾಗೇ ಮಾಡಿದಳು. ಅಪ್ಪ ಇನ್ನೂ ವಾರ್ಡಿನಲ್ಲಿರುವಾಗಲೇ ಬೇಸಿನ್ನುಗಳನ್ನು ಬಿಚ್ಚಿಸಿ ಇನ್ನೊಬ್ಬ ರೀಲರಿಗೆ ಕೊಟ್ಟುಬಿಟ್ಟಳು. ಸಾಬರು ಆಟೋದಲ್ಲಿ ಮನೆಗೆ ಹೋಗಿ ಇಳಿದಾಗ ಶೆಡ್ಡು ಬರಿದಾಗಿತ್ತಂತೆ. ಅವರು ಕೂಗಾಡಲಿಲ್ಲವಂತೆ. ತಣ್ಣಗಿದ್ದ ಒಲೆಯ ಕಟ್ಟೆ ಮೇಲೆ ಸ್ವಲ್ಪ ಹೊತ್ತು ಕೂತು, "ನಾನಾಗಿ ಕರೆಯೋಗಂಟ ನನ್ನ ಮುಂದೆ ಬರಬ್ಯಾಡ" ಅಂದರಂತೆ, ಅಷ್ಟೇ. ಆಮೇಲಿನ ಮೂರು ವಾರ ಅವಳು ತಟ್ಟೆ ಬಾಗಿಲ ಹತ್ತಿರ ಇಟ್ಟು ಹೋಗುತ್ತಿದ್ದಳು, ಅವರು ಅವಳು ಹೋದ ಮೇಲೆ ಎತ್ತಿಕೊಳ್ಳುತ್ತಿದ್ದರು.

ಇದನ್ನೆಲ್ಲ ಅವಳು ನನಗೆ ಹೇಳಿದ್ದು ಸಂಕ್ರಾಂತಿ ಆದ ಮೇಲೆ, ಐಸಿಯು ಮುಂದಿನ ಬೆಂಚಿನ ಮೇಲೆ. ಸಾಬರು ಮೂರನೆಯ ಸಲ ಬಂದಿದ್ದರು, ಈ ಸಲ ಎದೆಗೆ ಸೋಂಕೂ ಇಳಿದಿತ್ತು. ಅಷ್ಟರಲ್ಲಿ ನಮ್ಮಲ್ಲಿ ಹೊಸ ಐಸಿಯು ಶುರುವಾಗಿತ್ತು, ನನ್ನನ್ನು ಅಲ್ಲಿಗೆ ಹಾಕಿದ್ದರು. ಹೊಸ ಜಾಗಕ್ಕೆ ಹೊಸ ರೂಲ್ಸು. ಮನೆಯವರು ಸಂಜೆ ಐದು ನಿಮಿಷ ಮಾತ್ರ ಒಳಗೆ. ಬಾಗಿಲ ಗಾಜಿಗೂ ಒಳಗಿನಿಂದ ಕಾಗದ ಅಂಟಿಸಿದ್ದೆವು, ಹೊರಗಿನವರು ಇಣುಕಿ ಇಣುಕಿ ನೋಡುತ್ತಾರೆ ಅಂತ. ಅಂಟಿಸಿದವಳು ನಾನೇ.

ನಸೀಮಾ ಆ ಐದು ನಿಮಿಷಕ್ಕೂ ಬರಲೊಲ್ಲೆ ಅಂದಳು. ಚನ್ನಪಟ್ಟಣದಲ್ಲಿ ಬೊಂಬೆ ಮಾಡುವ ಅವಳ ಚಿಕ್ಕಪ್ಪ ಬಂದು ನೋಡಿ ಹೋಗುತ್ತಾರೆ, ತಾನು ಇಲ್ಲೇ ಕೂತಿರುತ್ತೇನೆ ಅಂದಳು. "ಕರೀದೆ ಹೋದ್ರೆ ಅಬ್ಬಾಗೆ ಕೋಪ ಬತ್ತದೆ ಅಕ್ಕಾ. ಕೋಪ ಬಂದ್ರೆ ಉಸಿರು ಇನ್ನೂ ಏರ್ತದೆ. ಅವರು ಕರೆದ್ರೆ ಮಾತ್ರ ಒಂದು ಮಾತು ಹೇಳಿ, ಓಡಿ ಬತ್ತೀನಿ." ಹೇಳುತ್ತೀನಿ ಅಂತ ಅವಳ ಕೈ ಹಿಡಿದು ಮಾತು ಕೊಟ್ಟೆ. ಬೆಂಚಿನಿಂದ ಅವರ ಮಂಚಕ್ಕೆ ಇಪ್ಪತ್ತು ಹೆಜ್ಜೆ ಇದ್ದಿರಬಹುದು.

ಒಳಗೆ ಸಾಬರು ಮಾಸ್ಕಿನ ಹಿಂದೆ ಏದುಸಿರು ಬಿಡುತ್ತಾ ಬಾಗಿಲ ಕಡೆಗೇ ನೋಡುತ್ತಿದ್ದರು. ಬಲಗೈ ಮುಖದ ಮುಂದಕ್ಕೆ ಎದ್ದಿತು. ಹೆಬ್ಬೆರಳಿಗೆ ಎರಡು ಬೆರಳು ಸೇರಿಸಿ ಹೊಸೆದ ಹಾಗೆ ಮಾಡಿ, ಅಂಗೈಯನ್ನು ತಮ್ಮ ಕಡೆಗೆ ಎಳೆದರು. ಪಟ್ಟಿಗೆ ಕೈ ಹಾಕುತ್ತಿದ್ದಾರೆ ಅಂತ ನಾನು ಗಬಕ್ಕನೆ ಹಿಡಿದುಕೊಂಡೆ. ಬಿಟ್ಟರೆ ಮತ್ತೆ ಎದ್ದಿತು. ಹಿಡಿದೆ, ಬಿಟ್ಟೆ, ಮತ್ತೆ ಅದೇ. ಮಾಸ್ಕಿನೊಳಗೆ ಮಾತೇನೂ ಹೊರಡುವಂತಿರಲಿಲ್ಲ. ಮೊದಲ ಸಲ ಮೂರು ಬಾರಿ ಕಿತ್ತಿದ್ದ ಮನುಷ್ಯ. ನನಗೆ ಬೇರೆ ಯೋಚನೆಯೇ ಬರಲಿಲ್ಲ. ತಳಮಳ ಇದೆ, ಕೈ ಮಾಸ್ಕಿಗೆ ಹೋಗುತ್ತಿದೆ ಅಂತ ಚಾರ್ಟಿನಲ್ಲಿ ಬರೆದು ಡಾಕ್ಟರ್ ರಘು ಅವರನ್ನು ಕರೆದೆ.

ಮಾಸ್ಕು ಹಾಕಿದವರಿಗೆ ನಿದ್ದೆಯ ಔಷಧಿ ಕೊಡುವುದು ಡಾಕ್ಟರಿಗೂ ಧೈರ್ಯ ಸಾಲದ ಕೆಲಸ. ಕಡಿಮೆಯಾದರೆ ಉಪಯೋಗವಿಲ್ಲ, ಸ್ವಲ್ಪ ಹೆಚ್ಚಾದರೆ ಉಸಿರಾಡುವುದನ್ನೇ ಮೈ ಮರೆಯುತ್ತದೆ. ಕೊಡದೆ ಹೋದರೆ ಮಾಸ್ಕು ಕೀಳುತ್ತಾರೆ, ಆಮೇಲೆ ಗಂಟಲಿಗೆ ಕೊಳವೆಯೇ ಗತಿ. ಆ ಎದೆಗೆ ಒಮ್ಮೆ ಕೊಳವೆ ಇಳಿಸಿದರೆ ತೆಗೆಯುವುದು ಯಾವಾಗಲೋ. ಡಾಕ್ಟರ್ ಬಹಳ ಹೊತ್ತು ನಿಂತು ನೋಡಿದರು. ಮನೆಯವರನ್ನು ಒಂದು ಸಲ ಪಕ್ಕದಲ್ಲಿ ಕೂರಿಸಿ ನೋಡಿದಿರಾ ಸಿಸ್ಟರ್, ಕೆಲವರು ಅದಕ್ಕೇ ಸುಮ್ಮನಾಗುತ್ತಾರೆ ಅಂದರು. ರೂಲ್ಸಿಲ್ಲ ಸಾರ್, ಮಗಳಿಗೂ ಅವರಿಗೂ ಮಾತಿಲ್ಲ, ಅವಳನ್ನು ನೋಡಿದರೆ ಇನ್ನೂ ಕೆರಳುತ್ತಾರೆ ಅಂದೆ. ಎಲ್ಲ ತಿಳಿದವಳ ಹಾಗೆ ಹೇಳಿದೆ.

ಸಿರಿಂಜ್ ಪಂಪಿನಲ್ಲಿ ಬಹಳ ಸಣ್ಣಗೆ ಔಷಧಿ ಶುರುವಾಯಿತು. ಅರ್ಧ ಗಂಟೆಯಲ್ಲಿ ಕೈ ಕೆಳಗಿಳಿಯಿತು, ಹುಬ್ಬಿನ ಗಂಟು ಬಿಚ್ಚಿಕೊಂಡಿತು, ಉಸಿರು ಮೆಷಿನ್ನಿನ ಜೊತೆ ಕೂಡಿಕೊಂಡಿತು. ಮಧ್ಯಾಹ್ನದ ರಕ್ತದ ರಿಪೋರ್ಟೂ ಸುಧಾರಿಸಿತ್ತು. ನನಗೆ ಎಷ್ಟು ಸಮಾಧಾನವಾಯಿತು ಅಂದರೆ ಆಚೆ ಹೋಗಿ ನಸೀಮಾಳಿಗೆ ಟೀ ಕೊಡಿಸಿದೆ.

"ಅಬ್ಬಾ ಕರೆದ್ರಾ ಅಕ್ಕಾ?"

"ಇಲ್ಲ ಕಣಮ್ಮ, ಚೆನ್ನಾಗಿ ಮಲಗವ್ರೆ."

ಮಾರನೆಯ ದಿನ ಬೆಳಿಗ್ಗೆ ಡಾಕ್ಟರ್ ಔಷಧಿ ಇಳಿಸಿದರು. ದಿನಕ್ಕೊಮ್ಮೆ ಹಾಗೆ ಎಬ್ಬಿಸಿ ನೋಡಬೇಕು. ಸಾಬರು ಕಣ್ಣು ಬಿಟ್ಟು ಮೊದಲು ನನ್ನನ್ನು, ಆಮೇಲೆ ಬಾಗಿಲನ್ನು ನೋಡಿದರು. ಕೈ ಎದ್ದಿತು. ಹೊಸೆದವು ಬೆರಳುಗಳು, ಅಂಗೈ ಎದೆಯ ಕಡೆಗೆ ಬಂತು. ಕಣ್ಣಲ್ಲಿ ನೀರಿತ್ತು. ಮಾಸ್ಕಿನ ಸಂದಿಯಿಂದ ಗಾಳಿ ಸೋರಿದರೂ ಕಣ್ಣಲ್ಲಿ ನೀರು ಬರುತ್ತದೆ, ಹಾಗಂತ ಪಟ್ಟಿ ಇನ್ನೊಂದಿಷ್ಟು ಬಿಗಿದೆ. ಮತ್ತೆ ಶುರುವಾಯಿತು ನೋಡಿ ಸಾರ್ ಅಂತ ಡಾಕ್ಟರಿಗೆ ಹೇಳಿದೆ, ಔಷಧಿ ಏರಿತು. ಸಂಜೆ ಇನ್ನೊಮ್ಮೆ ಎಚ್ಚರವಾದಾಗ ಬೆರಳುಗಳಿಗೆ ಬಟ್ಟೆ ಸುತ್ತಿ ಮಂಚದ ಕಂಬಿಗೆ ಸಡಿಲವಾಗಿ ಕಟ್ಟಿದೆ. ಆ ಬಟ್ಟೆಯೊಳಗೂ ಬೆರಳು ಅಲುಗುತ್ತಿದ್ದವು. ನಾನು ನೋಡಿದೆ. ಈಗಲೂ ನೋಡುತ್ತಿರುತ್ತೇನೆ.

ಬಾಗಿಲು ತೆರೆದಾಗಲೆಲ್ಲ ನಸೀಮಾ ಬೆಂಚಿನಿಂದ ಅರ್ಧ ಏಳುತ್ತಿದ್ದಳು. ನಾನು ತಲೆಯಾಡಿಸುತ್ತಿದ್ದೆ, ಅವಳು ಕೂರುತ್ತಿದ್ದಳು. ಕೊನೆಕೊನೆಗೆ ಅವಳು ಕೇಳುವ ಮೊದಲೇ ಇಲ್ಲ ಅನ್ನುತ್ತಿದ್ದೆ.

ಮೂರನೆಯ ದಿನ ಹನ್ನೊಂದರ ಹೊತ್ತಿಗೆ ಬಿಪಿ ಕುಸಿಯಿತು. ಸೋಂಕು ರಕ್ತಕ್ಕೆ ಏರಿತ್ತು. ಕೊಳವೆ ಹಾಕಲು ತಯಾರಾಗುವಷ್ಟರಲ್ಲಿ ಹೃದಯ ನಿಂತಿತು. ಡಾಕ್ಟರ್ ರಘು ಬೆವೆತು ತೊಪ್ಪೆಯಾಗುವ ತನಕ ಎದೆ ಒತ್ತಿದರು. ಆಗಲಿಲ್ಲ. ನಾನೇ ಹೋಗಿ ನಸೀಮಾಳನ್ನು ಕರೆತಂದೆ. ಅವಳು ಅಳುತ್ತಾ ಬರಲಿಲ್ಲ. ಬಂದವಳೇ ಅವರ ಬಲಗೈಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬಿರಿದ ಬೆರಳುಗಳನ್ನು ಒಂದೊಂದಾಗಿ ನೀವಿ ನೆಟ್ಟಗೆ ಮಾಡಿದಳು. ಆಮೇಲೆ ನನ್ನ ಕಡೆ ತಿರುಗಿ, "ಕೊನೇಗೂ ಕರೀಲಿಲ್ವಾ ಅಕ್ಕಾ?" ಅಂತ ಕೇಳಿದಳು.

"ಇಲ್ಲಮ್ಮ" ಅಂದೆ.

ಅವಳು ತಲೆದೂಗಿದಳು, ತನಗೆ ತಕ್ಕದ್ದೇ ಆಯಿತು ಅನ್ನುವ ಹಾಗೆ.

ಶಿವರಾತ್ರಿಗೆ ಹತ್ತು ಹನ್ನೆರಡು ದಿನ ಇದ್ದಾಗ ನಮ್ಮಮ್ಮ ಗೂಡು ಹೊತ್ತುಕೊಂಡು ರಾಮನಗರದ ಮಾರ್ಕೆಟ್ಟಿಗೆ ಬಂದಳು. ನನಗೆ ಆವತ್ತು ರಜೆ, ಜೊತೆಗೆ ಹೋದೆ. ಗೂಡು ಕೊಂಡ ರೀಲರು ನಮ್ಮ ಚೀಲಗಳ ಸಮೇತ ತೆಗೆದುಕೊಂಡು ಹೋಗಿದ್ದರು. ಅಮ್ಮನಿಗೆ ಚೀಲ ಬಿಡುವುದೆಂದರೆ ಜೀವ ಬಿಟ್ಟ ಹಾಗೆ, ಹೋಗಿ ಇಸಿದುಕೊಂಡು ಬಾ ಅಂತ ನನ್ನನ್ನು ಅಟ್ಟಿದಳು. ಹುಟ್ಟಿದಾಗಿನಿಂದ ಸೊಪ್ಪು ಹಾಕಿ, ಗೂಡು ಕಟ್ಟಲಿ ಅಂತ ಚಂದ್ರಿಕೆಗೆ ಹುಳು ಬಿಟ್ಟು, ಗೂಡು ಬಿಡಿಸಿದ್ದೇನೆ. ಆ ಗೂಡು ಬೇಯುವ ಜಾಗಕ್ಕೆ ಒಂದು ದಿನವೂ ಕಾಲಿಟ್ಟಿರಲಿಲ್ಲ. ನಮ್ಮ ಕಡೆಯವರ ಸಂಬಂಧ ಮಾರ್ಕೆಟ್ಟಿನಲ್ಲಿ ಹರಾಜಿಗೆ ಗೂಡು ಸುರಿಯುವ ಜಾಲರಿಗೇ ಮುಗಿಯುತ್ತದೆ.

ಶೆಡ್ಡಿನೊಳಗೆ ಕಾಲಿಟ್ಟರೆ ಕಿವಿ ಕಿತ್ತುಹೋಗುವ ಸದ್ದು. ಸಾಲಾಗಿ ಬೇಸಿನ್ನುಗಳು, ಎದೆಯ ಮಟ್ಟಕ್ಕೆ ಬೆಳ್ಳಗೆ ಹಬೆ, ಆ ಹಬೆಯ ಮೇಲೆ ಕಾಣುವುದು ಬರೀ ತಲೆಗಳು. ಮಾಲೀಕರು ಚೀಲ ಹುಡುಕುತ್ತಿದ್ದರು. ನನ್ನ ಮುಂದೆ ಒಬ್ಬ ಹೆಂಗಸು ಎದ್ದು ನಿಂತಳು. ಬಲಗೈಯನ್ನು ಮುಖದ ಮುಂದಕ್ಕೆ ಎತ್ತಿದಳು. ಹೆಬ್ಬೆರಳಿಗೆ ಎರಡು ಬೆರಳು ಸೇರಿಸಿ ಹೊಸೆದು, ಅಂಗೈ ತನ್ನ ಕಡೆಗೆ ಎಳೆದಳು. ಆ ತುದಿಯಿಂದ ಇನ್ನೊಬ್ಬಳು ಕೈಯೆತ್ತಿ ಅಂಗೈಯನ್ನು ಎರಡು ಸಲ ತಿರುಗಿಸಿ, ಎದ್ದು ಬಂದಳು.

ಅದೇನು ಅಂತ ಮಾಲೀಕರನ್ನು ಕೇಳಿದೆ. ಅವರು ನನ್ನ ಕಿವಿಗೆ ಬಾಯಿಟ್ಟು ಕೂಗಿ ಹೇಳಿದರು. "ಎಳೆ ಕಿತ್ತೋಯ್ತು, ಬಾ ಅಂತ ಕರೀತಾವ್ಳೆ. ಈ ಸದ್ದಲ್ಲಿ ಬಾಯಿ ಎಲ್ಲಮ್ಮ ಕೇಳ್ತದೆ? ಹಬೆ ಅಡ್ಡ ಐತಲ್ಲ, ಅದ್ಕೆ ಕೈ ಮಕದ ತಾವ ಎತ್ತಬೇಕು." ಆ ಇನ್ನೊಬ್ಬಳು ಕೈ ತಿರುಗಿಸಿದ್ದು? "ಅದಾ? ಬಂದೆ ಅಂತ."

ಚೀಲ ಹಿಡಿದುಕೊಂಡು ಹೊರಗೆ ಬಂದು ಚರಂಡಿಯ ಕಟ್ಟೆ ಮೇಲೆ ಕೂತುಬಿಟ್ಟೆ. ಅಮ್ಮ ಬಂದು ನೋಡಿ, ವಾಸನೆಗೆ ತಲೆ ತಿರುಗಿತಾ, ಆಸ್ಪತ್ರೆ ಸೇರಿ ನಾಜೂಕಾಗಿಬಿಟ್ಟೆ ಅಂತ ಬೈದಳು. ನಾನು ಅಳುತ್ತಿದ್ದೆ. ಮೂರು ದಿನ ಆ ಮನುಷ್ಯ ಮಗಳನ್ನು ಕರೆದಿದ್ದರು, ತಮಗೆ ಗೊತ್ತಿದ್ದ ರೀತಿಯಲ್ಲಿ, ಬೇರೆ ಯಾವ ರೀತಿಯೂ ಉಳಿಯದಿದ್ದಾಗ. ಕರೆದಾಗಲೆಲ್ಲ ನಾನು ಮಲಗಿಸಿದ್ದೆ. ಕೊನೆಗೆ ಬಟ್ಟೆಯನ್ನೂ ಸುತ್ತಿದ್ದೆ.

ಡಾಕ್ಟರ್ ರಘು ಅವರಿಗೆ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಔಷಧಿ ಆಮೇಲಾದರೂ ಬೇಕಾಗುತ್ತಿತ್ತೇನೋ ಸಿಸ್ಟರ್, ಸೋಂಕಂತೂ ನಮ್ಮ ಕೈಲಿರಲಿಲ್ಲ ಅಂದರು. ಇರಬಹುದು. ಔಷಧಿಯನ್ನು ನಾನು ಯಾವತ್ತೂ ದೂರಿಲ್ಲ, ಅದು ತನ್ನ ಕೆಲಸ ಮಾಡಿತು. ಎಷ್ಟೋ ಜನರನ್ನು ಕೊಳವೆಯಿಂದ ಉಳಿಸಿದ್ದನ್ನು ಈ ಕಣ್ಣಲ್ಲೇ ಕಂಡಿದ್ದೇನೆ. ಸಾಬರಿಗೆ ಮಗಳು ಬಂದು ಎದುರಿಗೆ ಕೂತ ಮೇಲೂ ಅದು ಬೇಕಾಗಿದ್ದರೆ ಕೊಡಬಹುದಿತ್ತು. ಮೊದಲು ಬಾಗಿಲು ತೆಗೆಯಬೇಕಿತ್ತು, ಅಷ್ಟೇ. ಆವತ್ತೇ ಡಾಕ್ಟರ್ ಎದ್ದು ಹೋಗಿ ಗಾಜಿನ ಮೇಲಿನ ಕಾಗದ ಕಿತ್ತರು. ಈಗ ನಾನು ಕೆಲಸ ಮಾಡುವ ಮಾಗಡಿಯ ಆಸ್ಪತ್ರೆಯಲ್ಲಿ ಮಾಸ್ಕು ಹಾಕಿದ ಯಾರ ಕೈ ಎದ್ದರೂ ನಾನು ಮೊದಲು ಹೊರಗೆ ಹೋಗಿ ಮನೆಯವರನ್ನು ಕರೆತಂದು, ಇವರು ಏನು ಹೇಳುತ್ತಿದ್ದಾರೆ ನೋಡಿ ಅನ್ನುತ್ತೇನೆ. ಹೆಚ್ಚಿನ ಸಲ ಏನೂ ಹೇಳುತ್ತಿರುವುದಿಲ್ಲ, ಸುಮ್ಮನೆ ಕೀಳಲು ನೋಡುತ್ತಿರುತ್ತಾರೆ. ಆದರೂ ಕೇಳುತ್ತೇನೆ.

ಇದೆಲ್ಲ ಆಮೇಲಿನ ಮಾತು. ಆಗ ನನ್ನ ಮುಂದೆ ಇದ್ದದ್ದು ಒಂದೇ ಪ್ರಶ್ನೆ, ನಸೀಮಾಳಿಗೆ ಹೇಳುವುದೋ ಬೇಡವೋ. ಹೇಳದಿದ್ದರೆ ಅಪ್ಪ ತನ್ನನ್ನು ಕ್ಷಮಿಸದೆ ಹೋದ ಅಂದುಕೊಂಡೇ ಅವಳು ಬಾಳಬೇಕು. ಹೇಳಿದರೆ ಇಪ್ಪತ್ತು ಹೆಜ್ಜೆ ದೂರದಲ್ಲಿ ಏನು ನಡೆಯಿತು ಅನ್ನುವುದು ತಿಳಿಯಬೇಕು. ಒಂದು ವಾರ ಇವತ್ತು ನಾಳೆ ಅಂತ ತಳ್ಳಿದೆ. ನನಗೆ ಅವಳಿಗಿಂತ ನನ್ನ ಭಯವೇ ಹೆಚ್ಚಾಗಿತ್ತು ಅಂತ ಈಗ ಒಪ್ಪಿಕೊಳ್ಳುತ್ತೇನೆ.

ಶಿವರಾತ್ರಿಯ ಮಾರನೆಯ ದಿನ ಚನ್ನಪಟ್ಟಣಕ್ಕೆ ಹೋದೆ. ಅವಳು ಚಿಕ್ಕಪ್ಪನ ಮನೆ ಸೇರಿ ಬೊಂಬೆ ಕೆಲಸ ಕಲಿಯುತ್ತಿದ್ದಳು. ಮೆಷಿನ್ನಿನಲ್ಲಿ ಗರಗರ ತಿರುಗುವ ಮರದ ತುಂಡಿಗೆ ಕೆಂಪು ಅರಗಿನ ಕಡ್ಡಿ ಒತ್ತಿ ಹಿಡಿದಿದ್ದಳು. ನನ್ನನ್ನು ನೋಡಿ ಮೆಷಿನ್ ನಿಲ್ಲಿಸಿ, ಮೊಗದಲ್ಲಿ ಸಂತೋಷ ತಂದುಕೊಂಡು, ಕೂತುಕೊಳ್ಳಿ ಅಕ್ಕಾ ಅಂತ ಸ್ಟೂಲು ಒರೆಸಿದಳು. ನಾನು ಕೂರಲಿಲ್ಲ. ಕೂತರೆ ಹೇಳಲಾಗುವುದಿಲ್ಲ ಅನ್ನಿಸಿತು. ಕೈಯನ್ನು ಮುಖದ ಮುಂದಕ್ಕೆ ಎತ್ತಿ, ಬೆರಳು ಹೊಸೆದು, ಅಂಗೈಯನ್ನು ನನ್ನ ಕಡೆಗೆ ಎಳೆದು ತೋರಿಸಿದೆ.

"ನಿಮ್ಮಪ್ಪ ಹಿಂಗೆ ಮಾಡ್ತಿದ್ರು ಕಣಮ್ಮ. ಮಾಸ್ಕ್ ಕೀಳ್ತಾವ್ರೆ ಅಂದ್ಕಂಡೆ. ನಂಗೆ ಗೊತ್ತಾಗ್ಲಿಲ್ಲ."

ಅವಳು ನನ್ನ ಕೈಯನ್ನೇ ನೋಡುತ್ತಿದ್ದಳು. ಅರಗಿನ ಕಡ್ಡಿ ಕೈಯಲ್ಲೇ ಇತ್ತು.

"ಎಷ್ಟು ಸಲ?"

"ಎಚ್ಚರ ಆದಾಗೆಲ್ಲ. ನಾನು ಮಲಗಿಸ್ತಾನೇ ಇದ್ದೆ."

"ನಾನು ಕೇಳ್ದಾಗ ಇಲ್ಲ ಅಂದ್ರಲ್ಲ."

"ಹೂಂ ಕಣಮ್ಮ. ಇಲ್ಲ ಅಂದೆ."

ಹೊಡೆದಿದ್ದರೆ ಹೊಡೆಸಿಕೊಳ್ಳುತ್ತಿದ್ದೆ. ಬೈಯಲಿ ಅಂತ ಕಾದೆ. ಅವಳು ಕಡ್ಡಿಯನ್ನು ಕೆಳಗಿಟ್ಟು, ಅಂಗೈಗಂಟಿದ ಬಣ್ಣವನ್ನು ವೇಲಿನ ತುದಿಗೆ ಒರೆಸಿಕೊಂಡಳು, ಒರೆಸಿದಲ್ಲೇ ಒರೆಸಿಕೊಂಡಳು. "ಹಂಗಾದ್ರೆ ಕೋಪ ಹೋಗಿತ್ತು" ಅಂದಳು, ನನಗಲ್ಲ. ಆಮೇಲೆ ಬಹಳ ಮೆಲ್ಲಗೆ, "ನೀವು ಹೊರಡಿ ಅಕ್ಕಾ, ನಿಮ್ ಬಸ್ಸಿನ ಹೊತ್ತಾಯ್ತು" ಅಂದಳು. ಬಸ್ಸಿಗೆ ಇನ್ನೂ ಬೇಕಾದಷ್ಟು ಹೊತ್ತಿತ್ತು.

ನಾನು ಹೊಸ್ತಿಲು ದಾಟಿದ ಮೇಲೆ ಹಿಂದೆ ಮೆಷಿನ್ ಶುರುವಾದ ಸದ್ದು ಕೇಳಿತು. ಕಡ್ಡಿ ಒತ್ತಿದ ಸದ್ದು ಬರಲಿಲ್ಲ, ಬರೀ ಮರ ತಿರುಗುತ್ತಿತ್ತು. ತಿರುಗಿ ನೋಡಿದೆ. ನಸೀಮಾ ನನಗೆ ಬೆನ್ನು ಹಾಕಿ ಎದ್ದು ನಿಂತಿದ್ದಳು. ಅವಳ ಎದುರಿಗೆ ಸುಣ್ಣ ಬಳಿದ ಗೋಡೆ ಬಿಟ್ಟರೆ ಏನೂ ಇರಲಿಲ್ಲ. ಬಲಗೈಯನ್ನು ಮುಖದ ಎತ್ತರಕ್ಕೆ ಎತ್ತಿ, ಅಂಗೈಯನ್ನು ಎರಡು ಸಲ ತಿರುಗಿಸಿದಳು.